‘ಡ್ಯಾಮೇಜ್ ರಿಪೇರಿ’ ಅಂದ್ರಲ್ಲ, ಟೆಸ್ಟ್ ತೋರಿಸಿ

ರಿಪೇರಿ ಅನ್ನುವ ಪದದ ಅರ್ಥವನ್ನು ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಂಪ್‌ಸೆಟ್ ಮೋಟಾರು ಸುಟ್ಟರೆ ವೈಂಡಿಂಗ್ ಕಟ್ಟಿಸಿ ತರುತ್ತೇವೆ. ತಂದ ದಿನ ಓಡಿ ಮರುದಿನ ನಿಂತುಬಿಟ್ಟರೆ ಅದನ್ನು ರಿಪೇರಿ ಅನ್ನುವುದಿಲ್ಲ. ಮೋಟಾರನ್ನು ಮತ್ತೆ ಬೈಕಿಗೆ ಕಟ್ಟಿಕೊಂಡು ಹೋಗಿ ಅಂಗಡಿಯವನ ಹತ್ತಿರ ಜಗಳ ಆಡುತ್ತೇವೆ.

ಅದೇ ಪದ ಶಾಂಪೂ ಪ್ಯಾಕೆಟ್ ಮೇಲೆ ಬಂದರೆ ಯಾರೂ ಜಗಳ ಆಡುವುದಿಲ್ಲ. ಊರಿನ ಚಿಲ್ಲರೆ ಅಂಗಡಿಯಲ್ಲಿ ಸರ ಸರವಾಗಿ ನೇತುಹಾಕಿದ ಪ್ಯಾಕೆಟ್‌ಗಳನ್ನು ನೋಡಿ. ಒಂದರ ಮೇಲೆ ‘ಡ್ಯಾಮೇಜ್ ರಿಪೇರಿ’, ಇನ್ನೊಂದರ ಮೇಲೆ ‘ಇಂಟೆನ್ಸ್ ರಿಪೇರಿ’, ಮತ್ತೊಂದರ ಮೇಲೆ ‘ಹತ್ತು ಪಟ್ಟು ಗಟ್ಟಿ’. ಎರಡು ದಿನದಲ್ಲಿ ಕೂದಲು ಮತ್ತೆ ತೆಂಗಿನ ನಾರಿನಂತಾದರೆ ನಾವು ಅಂದುಕೊಳ್ಳುವುದು ಒಂದೇ: ‘ನನ್ ಕೂದ್ಲೇ ಸರಿ ಇಲ್ಲ.’

ಹಾಗಲ್ಲ. ರಿಪೇರಿ ಅಂತ ಬರೆದವರು ಅದನ್ನು ಯಾವ ಪರೀಕ್ಷೆಯಲ್ಲಿ, ಯಾವುದಕ್ಕೆ ಹೋಲಿಸಿ ನೋಡಿದರು ಅನ್ನುವುದನ್ನು ನಮಗೆ ಅರ್ಥವಾಗುವ ಭಾಷೆಯಲ್ಲಿ, ಕಣ್ಣಿಗೆ ಕಾಣುವಂತೆ ಹೇಳಬೇಕು. ತೊಳೆದ ಮೇಲೂ ಉಳಿಯುತ್ತದೆಯೇ ಅನ್ನುವುದಕ್ಕೂ ಉತ್ತರ ಕೊಡಬೇಕು. ಈ ಲೇಖನದ ವಾದ ಇಷ್ಟೇ.

ಶಾಂಪೂ ಒಂದು ಕಾಲದಲ್ಲಿ ಪೇಟೆಯ ಬಾಟಲಿ ಸಾಮಾನು. ಅದನ್ನು ಹಳ್ಳಿಗೆ ತಂದದ್ದು ಚಿಕ್ಕ ಪ್ಯಾಕೆಟ್. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಈ ಪ್ಯಾಕೆಟ್ ಮಾರಾಟಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಒಬ್ಬರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಅಪ್ಪನ ಹೆಸರಿನಿಂದಲೇ ‘ಚಿಕ್’ ಶುರು ಮಾಡಿದರು. ಒಂದು ತಲೆಸ್ನಾನಕ್ಕೆ ಬೇಕಾದಷ್ಟೇ ದುಡ್ಡು ಕೊಟ್ಟರೆ ಸಾಕು ಅನ್ನುವುದು ಕೂಲಿ ಮಾಡಿ ಬದುಕುವ ಹೆಣ್ಣುಮಕ್ಕಳಿಗೆ ಸಣ್ಣ ವಿಷಯವಾಗಿರಲಿಲ್ಲ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಆಗ ಪ್ಯಾಕೆಟ್ ಮಾರಿದ್ದು ನೊರೆ ಮತ್ತು ವಾಸನೆ. ಈಗ ಮಾರುತ್ತಿರುವುದು ಚಿಕಿತ್ಸೆ.

ಕೂದಲು ಅಂದರೆ ಏನು ಅಂತ ಮೊದಲು ನೋಡೋಣ. ಜೀವ ಇರುವುದು ಚರ್ಮದ ಒಳಗಿನ ಬೇರಿಗೆ ಮಾತ್ರ. ಹೊರಗೆ ಬಂದ ಕೂದಲಿನಲ್ಲಿ ರಕ್ತ ಇಲ್ಲ, ನರ ಇಲ್ಲ, ಜೀವಕೋಶ ಇಲ್ಲ. ಕೈಗೆ ಗಾಯವಾದರೆ ಚರ್ಮ ಕೂಡಿಕೊಳ್ಳುತ್ತದೆ. ಕೂದಲು ಸೀಳಿದರೆ ತಾನಾಗಿ ಕೂಡಿಕೊಳ್ಳುವುದಿಲ್ಲ, ಸೀಳಿದ ಹಗ್ಗದ ಹಾಗೆಯೇ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಸೊಂಟದವರೆಗೆ ಜಡೆ ಇರುವವರ ಕೂದಲ ತುದಿಗೆ ಐದಾರು ವರ್ಷ ವಯಸ್ಸು. ಅಷ್ಟು ವರ್ಷದ ಬಿಸಿಲು, ಬೋರಿನ ಗಡಸು ನೀರು, ಬಾಚಣಿಗೆಯ ಎಳೆತ, ಒದ್ದೆ ತಲೆಗೆ ಟವೆಲ್ ಬಡಿದದ್ದು ಎಲ್ಲವನ್ನೂ ಆ ತುದಿ ತಿಂದಿರುತ್ತದೆ.

ಕೂದಲಿನ ಹೊರಮೈ ಹೆಂಚಿನ ಮನೆಯ ಸೂರಿನ ಹಾಗೆ. ಬಿಲ್ಲೆಗಳು ಒಂದರ ಮೇಲೊಂದು ಹೊದಿಸಿದಂತೆ ಕೂತಿರುತ್ತವೆ, ಎಲ್ಲವೂ ತುದಿಯ ಕಡೆಗೆ ಮುಖ ಮಾಡಿ. ಇಂಥ ಪದರಗಳು ಆರರಿಂದ ಹತ್ತು. ಅವುಗಳ ಮೇಲೆ ಬೆರಳಿಗೆ ಸಿಗದಷ್ಟು ತೆಳುವಾದ ಜಿಡ್ಡಿನ ಹೊದಿಕೆ ಹುಟ್ಟಿನಿಂದಲೇ ಇರುತ್ತದೆ. ಒಳಗೆ ಕೆರಾಟಿನ್ ಎಂಬ ಪ್ರೋಟೀನಿನ ಹುರಿ. ಆ ಹುರಿಗಳನ್ನು ಒಂದಕ್ಕೊಂದು ಕಟ್ಟಿಹಾಕಿರುವುದರಲ್ಲಿ ಗಂಧಕದ ಪಾತ್ರ ದೊಡ್ಡದು. ಕೂದಲು ಸುಟ್ಟಾಗ ಬರುವ ನಾತ ಇದೆಯಲ್ಲ, ಅದಕ್ಕೆ ಆ ಗಂಧಕವೂ ಕಾರಣ. ಬಣ್ಣ ತೆಗೆಯಲು ಬ್ಲೀಚ್ ಮಾಡಿದರೆ ಮೊದಲು ಜಿಡ್ಡಿನ ಹೊದಿಕೆ ಹೋಗುತ್ತದೆ, ಆಮೇಲೆ ಹೆಂಚುಗಳು ಎದ್ದು ನಿಲ್ಲುತ್ತವೆ, ಕೊನೆಗೆ ಒಳಗಿನ ಕಟ್ಟು ಸಡಿಲವಾಗುತ್ತದೆ. ಕೂದಲು ನೇರ ಮಾಡಿಸುವ ಬಿಸಿ ಮಷೀನೂ ಇಂಥದ್ದೇ ಹಾನಿ ಮಾಡುತ್ತದೆ.

ಹಾಗಾದರೆ ರಿಪೇರಿ ಶಾಂಪೂ, ಕಂಡೀಷನರ್ ಏನು ಮಾಡುತ್ತವೆ? ಹೆಚ್ಚಿನವು ಮೇಲೆ ಸವರುತ್ತವೆ. ಹಾಳಾದ ಕೂದಲ ಮೈಯಲ್ಲಿ ಋಣ ವಿದ್ಯುದಂಶ ಜಾಸ್ತಿ. ಕಂಡೀಷನರಿನಲ್ಲಿ ಇರುವ ಕೆಲವು ಪದಾರ್ಥಗಳದ್ದು ಧನ ವಿದ್ಯುದಂಶ. ಅದಕ್ಕೇ ಅವು ಹೆಚ್ಚು ಹಾಳಾದ ಕಡೆ ಹೆಚ್ಚು ಅಂಟಿಕೊಳ್ಳುತ್ತವೆ. ಜೊತೆಗೆ ಸಿಲಿಕೋನ್ ಎಂಬ ಜಾರುವ ಎಣ್ಣೆಯಂಥದ್ದು. ಪ್ಯಾಕೆಟ್ ಹಿಂದೆ ‘ಡೈಮೆಥಿಕೋನ್’ ಅಂತ ಇದ್ದರೆ ಅದೇ. ಎದ್ದು ನಿಂತ ಹೆಂಚುಗಳು ಮಲಗುತ್ತವೆ, ಬಾಚಣಿಗೆ ಜಾರುತ್ತದೆ, ಬೆಳಕು ಬಿದ್ದಲ್ಲಿ ಮಿಂಚುತ್ತದೆ. ಬಿರುಕು ಬಿಟ್ಟ ಮಣ್ಣಿನ ನೆಲಕ್ಕೆ ಸೆಗಣಿ ಸಾರಿಸಿದ ಹಾಗೆ. ನೆಲ ಚೆನ್ನಾಗಿಯೇ ಕಾಣುತ್ತದೆ, ಧೂಳು ಏಳುವುದಿಲ್ಲ. ಮುಂದಿನ ವಾರ ಮತ್ತೆ ಸಾರಿಸಬೇಕು.

ಸಾರಿಸುವುದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸಿಕ್ಕು ಕಡಿಮೆಯಾದರೆ ಬಾಚುವಾಗ ಕೂದಲು ತುಂಡಾಗುವುದೂ ಕಡಿಮೆಯಾಗುತ್ತದೆ. ಅದು ನಿಜವಾದ ಲಾಭ. ಆದರೆ ಸಾರಿಸಿದ್ದಕ್ಕೆ ‘ನೆಲ ಹೊಸದಾಗಿ ಹಾಕಿಸಿದೆ’ ಅಂತ ಬಿಲ್ಲು ಮಾಡಬಾರದು.

ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದ ಕಸುಬಿನಲ್ಲಿದೆ. ಊರೂರಲ್ಲಿ ‘ಕೂದ್ಲಿಗೆ ಪಾತ್ರೆ’ ಅಂತ ಕೂಗುತ್ತಾ ಬರುವವರು ಕೊಂಡ ಬಾಚಣಿಗೆ ಕೂದಲು ಇಂಥ ಕೇಂದ್ರಗಳಿಗೆ ಸೇರುತ್ತದೆ. ಹೆಣ್ಣುಮಕ್ಕಳು ಕೂತು ಉಂಡೆ ಬಿಡಿಸಿ, ಉದ್ದದ ಪ್ರಕಾರ ಬೇರೆ ಮಾಡುತ್ತಾರೆ. ಮುಡಿ ಕೊಟ್ಟ ಕೂದಲಿಗೆ ಬೆಲೆ ಜಾಸ್ತಿ. ಅದರಲ್ಲಿ ಎಲ್ಲ ಎಳೆಗಳ ಬೇರು ಒಂದೇ ಕಡೆ ಇರುತ್ತದೆ, ಹೆಂಚುಗಳೂ ಒಂದೇ ಕಡೆಗೆ. ಬಾಚಣಿಗೆ ಕೂದಲಿನಲ್ಲಿ ಬೇರು ತುದಿ ಕಲೆತುಹೋಗಿ ಹೆಂಚಿಗೆ ಹೆಂಚು ಸಿಕ್ಕಿಕೊಂಡು ಗಂಟಾಗುತ್ತದೆ. ಅದಕ್ಕೆ ಕೂದಲ ವ್ಯಾಪಾರದಲ್ಲಿ ಮಾಡುವ ಉಪಾಯ ಏನು ಗೊತ್ತೇ? ಹೊರದೇಶದ ಕಾರ್ಖಾನೆಗಳಲ್ಲಿ ಆಸಿಡ್ಡಿನಲ್ಲಿ ಅದ್ದಿ ಹೆಂಚುಗಳನ್ನೇ ಸವೆಸಿಬಿಡುತ್ತಾರೆ, ಆಮೇಲೆ ಸಿಲಿಕೋನ್ ಲೇಪಿಸುತ್ತಾರೆ. ಅಂಗಡಿಯಲ್ಲಿ ಆ ಕೂದಲು ರೇಷ್ಮೆ. ಕೆಲವು ಸಲ ತೊಳೆದ ಮೇಲೆ ಅದರ ನಿಜರೂಪ ಹೊರಗೆ ಬರುತ್ತದೆ. ಹೊರಪದರವನ್ನೇ ಸುಲಿದ ಕೂದಲನ್ನು ಸಹ ಲೇಪನದಿಂದ ಮಿಂಚಿಸಬಹುದಾದರೆ, ಮಿಂಚು ನೋಡಿ ರಿಪೇರಿ ಆಗಿದೆ ಅಂತ ತೀರ್ಮಾನ ಮಾಡುವುದು ಹೇಗೆ?

ಇನ್ನು ಕಂಪನಿಗಳು ಮಾಡುವ ಪರೀಕ್ಷೆಗೆ ಬರೋಣ. ಅವರು ಪರೀಕ್ಷೆ ಮಾಡುವುದೇ ಇಲ್ಲ ಅನ್ನುವುದು ತಪ್ಪು. ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಒಂದೇ ಬಗೆಯ ಕೂದಲಿನ ಕುಚ್ಚುಗಳನ್ನು ತೆಗೆದುಕೊಂಡು, ಎಲ್ಲವನ್ನೂ ಒಂದೇ ಹದಕ್ಕೆ ಬ್ಲೀಚ್ ಮಾಡಿ ಹಾಳು ಮಾಡುತ್ತಾರೆ. ಅರ್ಧ ಕುಚ್ಚುಗಳನ್ನು ಕಂಡೀಷನರ್ ಅಂಶ ಇಲ್ಲದ ಬರೀ ಶಾಂಪೂವಿನಲ್ಲಿ, ಉಳಿದರ್ಧವನ್ನು ತಮ್ಮ ಸರಕಿನಲ್ಲಿ ತೊಳೆಯುತ್ತಾರೆ. ಆಮೇಲೆ ಮುಖ್ಯವಾಗಿ ಎರಡು ಬಗೆಯ ಅಳತೆ.

ಒಂದು, ಬಾಚುವ ಮಷೀನು. ಅದು ಕುಚ್ಚನ್ನು ಸಾವಿರಾರು ಸಲ ಬಾಚುತ್ತದೆ, ಕೆಳಗೆ ಬಿದ್ದ ತುಂಡುಗಳನ್ನು ಎಣಿಸುತ್ತಾರೆ. ಇನ್ನೊಂದು, ಎಳೆಯುವ ಮಷೀನು. ಒಂದೊಂದೇ ಎಳೆಯನ್ನು ಎರಡೂ ಕಡೆ ಹಿಡಿದು ತುಂಡಾಗುವವರೆಗೆ ಎಳೆದು, ಎಷ್ಟು ಬಲಕ್ಕೆ ಕಿತ್ತಿತು ಅಂತ ನೋಡುತ್ತದೆ. ಒಳ್ಳೆಯ ಕೂದಲಿನ ಒಂದು ಎಳೆ ಸುಮಾರು ನೂರು ಗ್ರಾಂ ಭಾರ ತಡೆಯುತ್ತದೆ.

ಇಲ್ಲೇ ಇರುವುದು ಕೈಚಳಕ. ಬಾಚುವ ಮಷೀನಿನಲ್ಲಿ ಜಾರುವ ಲೇಪನ ಹಚ್ಚಿದ್ದು ಗೆದ್ದೇ ಗೆಲ್ಲುತ್ತದೆ. ಬರೀ ಶಾಂಪೂ ಹಾಕಿದ ಕುಚ್ಚಿನಿಂದ ನೂರು ತುಂಡು, ಲೇಪನದ ಕುಚ್ಚಿನಿಂದ ಹತ್ತು ತುಂಡು ಬಿದ್ದವು ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ಜಾಹೀರಾತಿನಲ್ಲಿ ಅದು ‘ಹತ್ತು ಪಟ್ಟು ಗಟ್ಟಿ’ ಆಗುತ್ತದೆ. ಕೂದಲಿನ ಗಟ್ಟಿತನ ಒಂದು ಗ್ರಾಂ ಕೂಡ ಹೆಚ್ಚಿರಬೇಕಾಗಿಲ್ಲ, ಬಾಚಣಿಗೆಯ ಎಳೆತ ಕಡಿಮೆಯಾಗಿದೆ ಅಷ್ಟೇ. ಗಾಡಿಯ ಚಕ್ರದ ಅಚ್ಚಿಗೆ ಕೀಲೆಣ್ಣೆ ಹಾಕಿದರೆ ಎತ್ತಿಗೆ ಎಳೆಯುವುದು ಸಲೀಸು. ಅದರಿಂದ ಎತ್ತು ಬಲಿಷ್ಠವಾಯಿತು ಅನ್ನುತ್ತೇವೆಯೇ? ಎಳೆಯುವ ಮಷೀನಿನ ಲೆಕ್ಕ ಜಾಹೀರಾತಿನಲ್ಲಿ ಬರುವುದು ಅಪರೂಪ.

ಹೋಲಿಕೆಯನ್ನೂ ಗಮನಿಸಿ. ಬರೀ ಶಾಂಪೂವಿಗೆ ಹೋಲಿಸಿ ಗೆದ್ದದ್ದು, ಪಕ್ಕದ ಅಗ್ಗದ ಕಂಡೀಷನರಿಗೆ ಹೋಲಿಸಿ ಅಲ್ಲ. ಓಟದಲ್ಲಿ ಕುಂಟನ ಜೊತೆ ಓಡಿ ಮೊದಲನೇ ಬಹುಮಾನ ತಂದಂತೆ. ಟಿವಿಯಲ್ಲಿ ಕೆಳಗಡೆ ಇರುವೆ ಸಾಲಿನಂಥ ಅಕ್ಷರ ಓಡಿ ಮಾಯವಾಗುತ್ತದಲ್ಲ, ಅದರಲ್ಲಿ ಈ ವಿಷಯ ಇರುತ್ತದೆ.

ಅದೇ ಇರುವೆ ಸಾಲಿನಲ್ಲಿ ಇನ್ನೊಂದು ಮಾತೂ ಅಡಗಿರುತ್ತದೆ, ನನಗೆ ನಿಜವಾಗಿ ಸಿಟ್ಟು ಬರುವುದು ಅದಕ್ಕೆ. ದೊಡ್ಡದಾಗಿ ‘ಕೂದಲು ಉದುರುವುದು ಕಡಿಮೆ’, ಚಿಕ್ಕದಾಗಿ ‘ತುಂಡಾಗುವುದರಿಂದ ಆಗುವ ಉದುರುವಿಕೆ ಮಾತ್ರ’. ಎರಡೂ ಬೇರೆ ಬೇರೆ ಕಾಯಿಲೆ. ಬಿದ್ದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಬೇರಿನಿಂದ ಬಂದದ್ದು. ಗಂಟಿಲ್ಲದೆ ಗಿಡ್ಡ ತುಂಡಾಗಿದ್ದರೆ ನಡುವೆ ಮುರಿದದ್ದು. ದಿನಕ್ಕೆ ಐವತ್ತರಿಂದ ನೂರು ಕೂದಲು ಬೇರಿನಿಂದ ಉದುರುವುದು ಸಹಜ. ಅದಕ್ಕಿಂತ ಬಹಳ ಜಾಸ್ತಿಯಾದರೆ ಯಾವ ಶಾಂಪೂವೂ ಅದನ್ನು ನಿಲ್ಲಿಸುವುದಿಲ್ಲ. ಹೆರಿಗೆಯಾದ ಮೂರ್ನಾಲ್ಕು ತಿಂಗಳಿಗೆ, ಟೈಫಾಯಿಡ್, ಡೆಂಗಿಯಂಥ ಜ್ವರದ ನಂತರ, ಥೈರಾಯಿಡ್ ತೊಂದರೆಯಲ್ಲಿ, ರಕ್ತಹೀನತೆಯಲ್ಲಿ ಹೀಗೆ ಉದುರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಸುಸ್ತು, ಏದುಸಿರು, ಕೂದಲು ಉದುರುವುದು ಮೂರೂ ಒಟ್ಟಿಗೆ ಇರುವಾಕೆ ಹೋಗಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಅಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಆಕೆ ಆರು ತಿಂಗಳು ಪ್ಯಾಕೆಟ್ ಬದಲಾಯಿಸುತ್ತಾ ಕೂತರೆ ಕಳೆದುಕೊಳ್ಳುವುದು ಬರೀ ದುಡ್ಡಲ್ಲ.

ಪಾರ್ಲರಿನ ಸ್ಮೂತನಿಂಗ್, ಕೆರಾಟಿನ್ ಟ್ರೀಟ್‌ಮೆಂಟ್ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಮದುವೆಗೆ ಮುಂಚೆ ಮಾಡಿಸುವುದು ಈಗ ತಾಲ್ಲೂಕು ಪೇಟೆಗಳಲ್ಲೂ ಮಾಮೂಲು, ಸಾವಿರಾರು ರೂಪಾಯಿ. ಇದನ್ನೂ ‘ರಿಪೇರಿ’ ಅಂತಲೇ ಮಾರುತ್ತಾರೆ. ಇಂಥ ಕೆಲವು ಕ್ರೀಮುಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕ ಅಂತ ಹೇಳಿದೆ. ಅದಕ್ಕೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಸಿಡ್ಡಿನ ಕ್ರೀಮಿನಿಂದ ಕಿಡ್ನಿಗೆ ಪೆಟ್ಟಾದ ಪ್ರಕರಣಗಳನ್ನು ಇಸ್ರೇಲ್, ಫ್ರಾನ್ಸ್ ವೈದ್ಯರು ಈಚೆಗೆ ವರದಿ ಮಾಡಿದ್ದಾರೆ. ಕಣ್ಣು ಉರಿ, ಗಂಟಲು ಕೆರೆತ ಬಂದರೆ ‘ಸಹಿಸ್ಕೊಳ್ಳಿ ಮೇಡಂ’ ಅನ್ನುವವರ ಮಾತು ಕೇಳದೆ ಎದ್ದು ಹೊರಗೆ ಬನ್ನಿ. ಮಾಡುವ ಹುಡುಗಿ ದಿನವಿಡೀ ಆ ಹೊಗೆಯಲ್ಲೇ ನಿಂತಿರುತ್ತಾಳೆ ಅನ್ನುವುದೂ ನೆನಪಿರಲಿ.

ಸರಿ, ನಮ್ಮ ಕೈಯಲ್ಲಿ ಮಷೀನಿಲ್ಲ. ನಾವು ಪರೀಕ್ಷೆ ಮಾಡುವುದು ಹೇಗೆ? ಮೊಬೈಲಿನಲ್ಲಿ ಓಡಾಡುವ ಲೋಟದ ಪರೀಕ್ಷೆಯನ್ನು ಮೊದಲು ಬಿಟ್ಟುಬಿಡಿ. ನೀರಿಗೆ ಕೂದಲು ಹಾಕಿ ಮುಳುಗಿದರೆ ಹಾಳು, ತೇಲಿದರೆ ಒಳ್ಳೆಯದು ಅನ್ನುವುದು. ತಲೆಯಲ್ಲಿ ಎಣ್ಣೆ ಜಿಡ್ಡಿದ್ದರೆ ಎಂಥ ಕೂದಲೂ ತೇಲುತ್ತದೆ. ‘ಮೊದಲು–ಆಮೇಲೆ’ ಫೋಟೊವನ್ನೂ ನಂಬಬೇಡಿ. ಮೊದಲನೆಯದು ಕಿಟಕಿಗೆ ಬೆನ್ನು ಮಾಡಿ ತೆಗೆದದ್ದು, ಎರಡನೆಯದು ದೀಪದ ಎದುರು.

ನಂಬಬಹುದಾದದ್ದು ಅರ್ಧ ತಲೆಯ ಪರೀಕ್ಷೆ. ಕೂದಲನ್ನು ಎರಡು ಜಡೆ ಹಾಕುವ ಹಾಗೆ ಭಾಗ ಮಾಡಿ. ಎಡಕ್ಕೆ ರಿಪೇರಿ ಅನ್ನುವ ಶಾಂಪೂ ಕಂಡೀಷನರ್, ಬಲಕ್ಕೆ ನೀವು ಮೊದಲಿಂದ ಬಳಸುವುದು. ನೀರು ಒಂದೇ, ದಿನ ಒಂದೇ, ಎಣ್ಣೆ ಒಂದೇ. ಒಣಗಿದ ಮೇಲೆ ಯಾವ ಕಡೆಗೆ ಯಾವುದು ಅಂತ ಗೊತ್ತಿಲ್ಲದವರ ಕೈಯಲ್ಲಿ ಬಾಚಿಸಿ. ಕೆಳಗೆ ಬಿಳಿ ಪಂಚೆ ಹಾಸಿ, ಗಂಟಿಲ್ಲದ ತುಂಡುಗಳನ್ನು ಎರಡೂ ಕಡೆಯದು ಬೇರೆ ಬೇರೆ ಎಣಿಸಿ ಬರೆದಿಡಿ. ಹೀಗೆ ನಾಲ್ಕು ವಾರ. ಆಮೇಲೆ ಮುಖ್ಯವಾದ ಹಂತ, ಕಂಪನಿಗಳು ತೋರಿಸದ್ದು: ಎರಡೂ ಕಡೆಗೆ ಸಾದಾ ಶಾಂಪೂ ಒಂದನ್ನೇ ಹಾಕಿ ಮೂರು ಸಲ ತೊಳೆದು ಮತ್ತೆ ಬಾಚಿ ಎಣಿಸಿ. ವ್ಯತ್ಯಾಸ ಉಳಿದರೆ ಏನೋ ಕೂಡಿಕೊಂಡಿದೆ. ಉಳಿಯದಿದ್ದರೆ ಅದು ಸಾರಿಸಿದ ನೆಲ.

ನಮ್ಮ ಚಿಕ್ಕಮ್ಮನ ಮಗಳ ತಲೆಯ ಮೇಲೆ ಇದನ್ನು ಮಾಡಿ ನೋಡಿದೆವು. ಅವಳದು ಎರಡು ವರ್ಷದ ಹಿಂದೆ ಸ್ಮೂತನಿಂಗ್ ಮಾಡಿಸಿದ ಕೂದಲು. ತುದಿಯ ಗೇಣುದ್ದ ಕವಲೊಡೆದಿತ್ತು. ಬಾಚಿದ್ದು ಅಜ್ಜಿ. ಅವರಿಗೆ ಯಾವ ಕಡೆ ಏನು ಅಂತ ಹೇಳಿರಲಿಲ್ಲ. ನಾಲ್ಕೂ ವಾರ ‘ಈ ಕಡೆ ನುಣ್ಣಗದೆ ಕಣೇ’ ಅಂತ ಎಡಗಡೆಯನ್ನೇ ತೋರಿಸಿದರು. ತುಂಡುಗಳೂ ಆ ಕಡೆ ಕಡಿಮೆ ಬಿದ್ದವು. ಸಾದಾ ಶಾಂಪೂವಿನಲ್ಲಿ ಮೂರು ಸಲ ತೊಳೆದ ಮೇಲೆ ಅಜ್ಜಿ ಎರಡೂ ಕಡೆ ಮುಟ್ಟಿ ಮುಟ್ಟಿ ನೋಡಿ, ‘ಎರಡೂ ಒಂದೇ, ತುದಿ ಕತ್ತರಿಸ್ಕೊಳ್ಳೋದು ಬಿಟ್ಟು ಇದೇನ್ ಆಟ ನಿಮ್ದು’ ಅಂದರು. ಒಂದು ತಲೆಯ ಲೆಕ್ಕದಿಂದ ವಿಜ್ಞಾನ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಹೈಸ್ಕೂಲಿನ ಒಂದು ತರಗತಿ ಅಥವಾ ಒಂದು ಸ್ತ್ರೀಶಕ್ತಿ ಸಂಘ ಇಪ್ಪತ್ತು ತಲೆಗಳ ಮೇಲೆ ಮಾಡಿದರೆ ಅದಕ್ಕೆ ತೂಕ ಬರುತ್ತದೆ.

ಒಳಗಿನ ಕಟ್ಟನ್ನೇ ಮತ್ತೆ ಜೋಡಿಸುತ್ತೇವೆ ಅನ್ನುವ ಸರಕುಗಳೂ ಇವೆ. ಅಮೆರಿಕದ ಓಲಾಪ್ಲೆಕ್ಸ್ 2014ರಲ್ಲಿ ಈ ದಾರಿ ಹಿಡಿದ ಮೇಲೆ ಅದೇ ಮಾತು ಹೇಳುವ ಹತ್ತಾರು ಬಂದಿವೆ, ಹೆಚ್ಚಿನವು ದುಬಾರಿ. ಅವಕ್ಕೂ ಪ್ರಶ್ನೆ ಅದೇ: ಎಳೆಯುವ ಮಷೀನಿನಲ್ಲಿ, ತೊಳೆದ ಮೇಲೆ, ಎಷ್ಟು?

ಹಾಗಂತ ‘ನಮ್ಮ ಅಜ್ಜಿ ಕಾಲದ್ದೇ ಒಳ್ಳೇದು’ ಅಂತ ಚಪ್ಪಾಳೆ ಹೊಡೆಯುವ ಪೈಕಿಯೂ ನಾನಲ್ಲ. ಪ್ರಶ್ನೆ ಸೀಗೆಕಾಯಿಗೂ ಒಂದೇ. ಸೀಗೆ, ಅಂಟುವಾಳ ಕೊಳೆ ತೆಗೆಯುತ್ತವೆ. ದಾಸವಾಳದ ಸೊಪ್ಪಿನ ಲೋಳೆ, ನೆನೆಸಿದ ಮೆಂತ್ಯದ ಲೋಳೆ ಕೂದಲನ್ನು ಜಾರುವಂತೆ ಮಾಡುತ್ತವೆ. ಅದೂ ಸಾರಿಸುವ ಕೆಲಸವೇ, ಖರ್ಚಿಲ್ಲದ್ದು ಅಷ್ಟೇ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಎಣ್ಣೆ ಇಂದು ದೇಶವೆಲ್ಲಾ ಮಾರಾಟವಾಗುತ್ತಿದೆ. ಅವರು ಮೊಬೈಲ್ ಹಿಡಿದು ಮಾರುಕಟ್ಟೆ ಗೆದ್ದದ್ದು ನನಗೆ ಖುಷಿ. ಆದರೆ ಕೂದಲು ಬೆಳೆಸುತ್ತದೆ ಅನ್ನುವ ಮಾತಿಗೆ ದೊಡ್ಡ ಕಂಪನಿಯಿಂದ ಕೇಳುವ ಪುರಾವೆಯನ್ನೇ ಅವರಿಂದಲೂ ಕೇಳಬೇಕು.

ಪುರಾವೆ ಕೊಟ್ಟ ಹಳೆಯ ಪದಾರ್ಥ ಒಂದಿದೆ, ಕೊಬ್ಬರಿ ಎಣ್ಣೆ. 2003ರಲ್ಲಿ ರೇಲೆ ಮತ್ತು ಮೋಹಿಲೆ ಎಂಬ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದರು. ತೊಳೆಯುವಾಗ ಕೂದಲಿನಿಂದ ಹೋಗುವ ಪ್ರೋಟೀನನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಒಳ್ಳೆಯ ಕೂದಲಿನಲ್ಲೂ, ಬ್ಲೀಚ್ ಮಾಡಿ ಹಾಳಾದ ಕೂದಲಿನಲ್ಲೂ. ಅದರ ಕಣ ಚಿಕ್ಕದು, ನೇರವಾದದ್ದು, ಅದಕ್ಕೇ ಒಳಗೆ ಇಳಿಯುತ್ತದೆ ಅಂತ ವಿವರಿಸಿದರು. ಸಂಶೋಧಕರು ಕೆಲಸ ಮಾಡುತ್ತಿದ್ದದ್ದು ಕೊಬ್ಬರಿ ಎಣ್ಣೆ ಮಾರುವ ಮ್ಯಾರಿಕೋ ಕಂಪನಿಯಲ್ಲಿ, ಇದನ್ನು ಮರೆಯಬಾರದು. ಆದರೂ ಅವರು ಏನನ್ನು ಯಾವುದಕ್ಕೆ ಹೋಲಿಸಿದೆವು, ಹೇಗೆ ಅಳೆದೆವು ಅಂತ ಪತ್ರಿಕೆಯಲ್ಲಿ ಬರೆದು ಎಲ್ಲರ ಮುಂದೆ ಇಟ್ಟರು. ನಾನು ಕೇಳುತ್ತಿರುವುದೂ ಅಷ್ಟೇ. ಇನ್ನೊಂದು ವಿಷಯ: ಅದೂ ರಿಪೇರಿ ಅಲ್ಲ. ಹಾಳಾಗುವುದನ್ನು ತಡೆಯುವುದು. ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವ ನಮ್ಮ ರೂಢಿಗೆ ಅದರಿಂದ ಬಲ ಬಂತು.

ಕಾನೂನು ಏನು ಹೇಳುತ್ತದೆ? ಸೌಂದರ್ಯವರ್ಧಕಗಳ 2020ರ ನಿಯಮಗಳ ಪ್ರಕಾರ ದಾರಿ ತಪ್ಪಿಸುವ ಮಾತು ಲೇಬಲ್ ಮೇಲೆ ಇರಬಾರದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಲೇಬಲ್, ಹೊದಿಕೆಯನ್ನೂ ಜಾಹೀರಾತು ಅಂತಲೇ ಪರಿಗಣಿಸುತ್ತದೆ. ಜೂನ್ 2022ರಲ್ಲಿ ಬಂದ ಜಾಹೀರಾತು ಮಾರ್ಗಸೂಚಿಯಲ್ಲಿ ಇನ್ನೂ ಸ್ಪಷ್ಟವಾಗಿದೆ: ಹೇಳಿದ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು, ಫಾಂಟ್ ಕೂಡ ಅದೇ ಇರಬೇಕು, ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು. ಅಂದರೆ ಕನ್ನಡ ಟಿವಿಯಲ್ಲಿ ‘ಕೂದಲನ್ನು ರಿಪೇರಿ ಮಾಡುತ್ತದೆ’ ಅಂತ ಕನ್ನಡದಲ್ಲಿ ಹೇಳಿ, ಕೆಳಗೆ ಇಂಗ್ಲಿಷಿನಲ್ಲಿ ಇರುವೆ ಸಾಲು ಬಿಡುವಂತಿಲ್ಲ. ಕಾಗದದ ಮೇಲೆ ಇಷ್ಟೆಲ್ಲಾ ಇದೆ.

ಕೊರತೆ ಇರುವುದು ಪ್ಯಾಕೆಟ್ಟಿನಲ್ಲಿ. ಪೊಟ್ಟಣದ ಮೇಲಿನ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು ಅನ್ನುತ್ತವೆ 2011ರ ಪೊಟ್ಟಣ ನಿಯಮಗಳು. ಹಾಗಾಗಿ ‘ರಿಪೇರಿ’ಯನ್ನು ಹಳ್ಳಿಯ ಹೆಣ್ಣುಮಗಳು ಚಿತ್ರ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ, ಷರತ್ತನ್ನು ಯಾರೂ ಅವಳಿಗೆ ಓದಿ ಹೇಳುವುದಿಲ್ಲ. ಪ್ಯಾಕೆಟ್ಟಿನಲ್ಲಿ ಜಾಗ ಇಲ್ಲ ಅನ್ನುತ್ತಾರೆ. ನಟಿಯ ಮುಖಕ್ಕೆ ಅರ್ಧ ಪ್ಯಾಕೆಟ್ ಜಾಗ ಇದೆ. ‘ಮುಂದಿನ ತಲೆಸ್ನಾನದವರೆಗೆ ಮಾತ್ರ’ ಅನ್ನುವ ಮೂರು ಕನ್ನಡ ಪದಕ್ಕೆ ಜಾಗ ಮಾಡಬಹುದು.

ಅಲ್ಲಿಯವರೆಗೆ ನನ್ನ ಲೆಕ್ಕ ಹೀಗೆ. ಸಿಕ್ಕು ಜಾಸ್ತಿ ಇದ್ದರೆ ಅಗ್ಗದ ಕಂಡೀಷನರ್ ಸಾಕು, ರಿಪೇರಿ ಅನ್ನುವ ಪದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಒದ್ದೆ ಕೂದಲು ಹಿಗ್ಗುತ್ತದೆ, ಬೇಗ ಮುರಿಯುತ್ತದೆ, ಆಗ ಸಣ್ಣ ಹಲ್ಲಿನ ಬಾಚಣಿಗೆ ಹಾಕಬೇಡಿ. ಕವಲೊಡೆದ ತುದಿಗೆ ಕತ್ತರಿ. ಕನ್ನಡದಲ್ಲಿ ದೊಡ್ಡ ಮಾತು ಹೇಳಿ ಇಂಗ್ಲಿಷಿನಲ್ಲಿ ಷರತ್ತು ಅಡಗಿಸಿದ ಜಾಹೀರಾತು ಕಂಡರೆ ಅದರ ಫೋಟೊ ಅಥವಾ ವಿಡಿಯೊ ಉಳಿಸಿಕೊಂಡು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅರ್ಧ ತಲೆಯ ಪರೀಕ್ಷೆ ಮಾಡಿದರೆ ವಾರವಾರದ ಎಣಿಕೆಯನ್ನು ನಮಗೂ ಬರೆದು ಕಳಿಸಿ, ಗೆದ್ದದ್ದು ಯಾವ ಪ್ಯಾಕೆಟ್ ಆದರೂ ಸರಿ. ಕೊನೆಯ ಮೂರು ತೊಳೆತದ ಲೆಕ್ಕವನ್ನು ಮಾತ್ರ ಬಿಡಬೇಡಿ.